ಸಿಪ್ಪೆ, ಹೊಟ್ಟು, ಕಡ್ಡಿಯಿಂದ ನೀರಿನ ಲೋಹ ತೆಗೆಯುವುದು: ಪದೇ ಪದೇ ಕೇಳುವ ಪ್ರಶ್ನೆಗಳು

ಪ್ರಾಜೆಕ್ಟ್ ಸೀಸನ್ ಬಂತೆಂದರೆ ಬಾಗಲಕೋಟೆ ನವನಗರದ ನಮ್ಮ ಮನೆಗೆ ಸಿಪ್ಪೆಯ ಚೀಲಗಳು ಬರಲು ಶುರು. ಇಂಡಿ ಕಡೆಯ ಹುಡುಗ ಲಿಂಬೆ ಸಿಪ್ಪೆ ತರುತ್ತಾನೆ. ಮುಧೋಳದ ಹುಡುಗಿ ಕಬ್ಬಿನ ಸಿಪ್ಪೆ ತರುತ್ತಾಳೆ. ತಿಕೋಟಾದವನು ಒಣದ್ರಾಕ್ಷಿ ಶೆಡ್ಡಿನಲ್ಲಿ ಉಳಿದ ಕಡ್ಡಿ ಹೊತ್ತು ತರುತ್ತಾನೆ. ಕೆಮಿಸ್ಟ್ರಿ ಕಲಿಸುವವನ ಮನೆ ಅಂದರೆ ಹೀಗೇ ಅಂತ ಮನೆಯವರೂ ಈಗ ಅಂಗಳದಲ್ಲಿ ಒಂದು ಮೂಲೆ ಬಿಟ್ಟುಕೊಟ್ಟಿದ್ದಾರೆ. ಹುಡುಗರು ಬದಲಾಗುತ್ತಾರೆ, ಪ್ರಶ್ನೆಗಳು ಮಾತ್ರ ಅವೇ. ಇತ್ತೀಚೆಗೆ ರೈತರು, ವರ್ಕ್‌ಶಾಪಿನವರು, ಓಣಿಯ ಅಕ್ಕಂದಿರು ಕೂಡ ಕೇಳುತ್ತಾರೆ. ಅದಕ್ಕೇ ಒಮ್ಮೆ ಎಲ್ಲ ಬರೆದು ಇಟ್ಟಿದ್ದೇನೆ.

ಭಾರ ಲೋಹ ಅಂದರೆ ಯಾವುವು? ನೀರಿನಲ್ಲಿ ಸ್ವಲ್ಪ ಇದ್ದರೆ ಏನಾಗುತ್ತದೆ?

ಸೀಸ, ಕ್ಯಾಡ್ಮಿಯಂ, ಪಾದರಸ, ಕ್ರೋಮಿಯಂ, ನಿಕ್ಕೆಲ್, ತಾಮ್ರ, ಸತು ಇವೆಲ್ಲ ಆ ಗುಂಪಿನವು. ಆರ್ಸೆನಿಕ್ ಪೂರ್ತಿ ಲೋಹವಲ್ಲ, ಆದರೂ ಅದೇ ಪಂಕ್ತಿಯಲ್ಲಿ ಕೂಡಿಸುತ್ತಾರೆ. ತಾಮ್ರ, ಸತು ದೇಹಕ್ಕೆ ಚೂರು ಬೇಕು. ಸೀಸ, ಕ್ಯಾಡ್ಮಿಯಂ, ಪಾದರಸ ಚೂರೂ ಬೇಡ. ಸೀಸವಂತೂ ಮಕ್ಕಳ ಮಿದುಳಿಗೆ ಪೆಟ್ಟು ಕೊಡುತ್ತದೆ.

ಬೇರೆ ಹೊಲಸನ್ನು ಸೂಕ್ಷ್ಮಜೀವಿಗಳು ತಿಂದು ಮುಗಿಸುತ್ತವೆ. ಲೋಹವನ್ನು ಯಾವ ಜೀವಿಯೂ ಮುಗಿಸಲಾರದು. ನೀರಿನಿಂದ ಕೆಸರಿಗೆ, ಕೆಸರಿನಿಂದ ಬೆಳೆಗೆ, ಬೆಳೆಯಿಂದ ಹೊಟ್ಟೆಗೆ ಜಾಗ ಬದಲಿಸುತ್ತದೆ ಅಷ್ಟೇ. ಈ ಮಾತು ನೆನಪಿಡಿ, ಕೆಳಗೆ ಮತ್ತೆ ಬೇಕಾಗುತ್ತದೆ.

ಕುಡಿಯುವ ನೀರಿಗೆ ನಮ್ಮ ದೇಶದ ಮಾನಕ ಐಎಸ್ 10500. ಅದರ 2012ರ ಆವೃತ್ತಿಯ ಪ್ರಕಾರ ಲೀಟರಿಗೆ ಸೀಸ 0.01 ಮಿಲಿಗ್ರಾಂ, ಕ್ಯಾಡ್ಮಿಯಂ 0.003, ನಿಕ್ಕೆಲ್ 0.02, ಒಟ್ಟು ಕ್ರೋಮಿಯಂ 0.05 ದಾಟಬಾರದು. ಇದು ಎಷ್ಟು ಚಿಕ್ಕದು ಅಂತ ಹುಡುಗರಿಗೆ ತಿಳಿಯುವುದಿಲ್ಲ. ಲೆಕ್ಕ ಹಾಕಿ ನೋಡಿ. ಒಂದೇ ಒಂದು ಗ್ರಾಂ ಸೀಸ ಕರಗಿದರೆ 1 ಲಕ್ಷ ಲೀಟರ್ ನೀರು ಆ ಗೆರೆಗೆ ಬಂದು ನಿಲ್ಲುತ್ತದೆ. ಅಂದರೆ 5 ಸಾವಿರ ಲೀಟರಿನ 20 ಟ್ಯಾಂಕರ್.

ಸತ್ತ ಸಿಪ್ಪೆ ಲೋಹವನ್ನು ಹಿಡಿಯೋದಾದರೂ ಹೇಗೆ?

ಸಿಪ್ಪೆ ಸ್ಪಂಜಿನ ಹಾಗೆ ಹೀರುತ್ತದೆ ಅಂತ ಎಲ್ಲರೂ ಅಂದುಕೊಳ್ಳುತ್ತಾರೆ. ಹಾಗಲ್ಲ. ಗಿಡದ ಜೀವಕೋಶದ ಗೋಡೆಯಲ್ಲಿ ಸೆಲ್ಯುಲೋಸ್, ಹೆಮಿಸೆಲ್ಯುಲೋಸ್, ಲಿಗ್ನಿನ್, ಪೆಕ್ಟಿನ್ ಇರುತ್ತವೆ. ಇವುಗಳ ಮೈಮೇಲೆ ಕಾರ್ಬಾಕ್ಸಿಲ್, ಹೈಡ್ರಾಕ್ಸಿಲ್ ಎಂಬ ಗುಂಪುಗಳಿವೆ. ಕಾರ್ಬಾಕ್ಸಿಲ್ ತನ್ನ ಹೈಡ್ರೋಜನ್ ಬಿಟ್ಟುಕೊಟ್ಟಾಗ ಅಲ್ಲಿ ಋಣ ವಿದ್ಯುತ್ ಉಳಿಯುತ್ತದೆ. ನೀರಿನಲ್ಲಿ ಕರಗಿದ ಸೀಸ, ತಾಮ್ರದ ಅಯಾನುಗಳಿಗೆ, ಅಂದರೆ ವಿದ್ಯುತ್ ಹೊತ್ತ ಕಣಗಳಿಗೆ, ಧನ ವಿದ್ಯುತ್. ಬಂದು ಕೂರುತ್ತವೆ.

ನಾನು ಕ್ಲಾಸಿನಲ್ಲಿ ಹೇಳೋದು ಬಸ್ಸಿನ ಕಥೆ. ಜಾತ್ರೆ ದಿನ ಸ್ಟ್ಯಾಂಡಿಗೆ ಬಸ್ ಬಂತು. ಕಿಟಕಿಯಿಂದ ಟವೆಲ್ ಒಗೆದು ಸೀಟು ಹಿಡಿದವರು ಆಗಲೇ ಕೂತಿದ್ದಾರೆ. ಸಿಪ್ಪೆಯ ಸೀಟುಗಳಲ್ಲೂ ಹಾಗೇ ಕ್ಯಾಲ್ಸಿಯಂ, ಮೆಗ್ನೀಸಿಯಂ, ಪೊಟ್ಯಾಸಿಯಂ ಮೊದಲೇ ಕೂತಿರುತ್ತವೆ. ಸೀಸದ ಅಯಾನು ಬಲವಾದ ಗಿರಾಕಿ. ಬಂದು ಕ್ಯಾಲ್ಸಿಯಮ್ಮನ್ನು ಎಬ್ಬಿಸಿ ತಾನು ಕೂರುತ್ತದೆ. ಲೋಹ ಒಳಗೆ ಹೋದಷ್ಟೂ ಕ್ಯಾಲ್ಸಿಯಂ ನೀರಿಗೆ ಬರುತ್ತದೆ. ಅಳೆದರೆ ಕಾಣುತ್ತದೆ ಕೂಡ. ಸಾಮಾನ್ಯವಾಗಿ ಸೀಸದ ಹಿಡಿತ ಎಲ್ಲಕ್ಕಿಂತ ಗಟ್ಟಿ, ಆಮೇಲೆ ತಾಮ್ರ. ನಿಕ್ಕೆಲ್, ಸತು, ಕ್ಯಾಡ್ಮಿಯಂ ಹಿಂದಿನ ಸಾಲಿನವು.

ಜೀವ ಇಲ್ಲದ ವಸ್ತುವೇ ಈ ಕೆಲಸಕ್ಕೆ ಅನುಕೂಲ. ಅದಕ್ಕೆ ಗೊಬ್ಬರ ಬೇಡ, ವಿಷ ಏರಿ ಸಾಯುವ ಭಯವಿಲ್ಲ.

ನಮ್ಮ ಕಡೆ ಸಿಗುವ ಕಸದಲ್ಲಿ ಯಾವುದು ಒಳ್ಳೆಯದು?

ನನ್ನ ಓಟು ಲಿಂಬೆ ಸಿಪ್ಪೆಗೆ. ಇಂಡಿ, ಸಿಂದಗಿ ಕಡೆ ಲಿಂಬೆಗೆ ಬರವಿಲ್ಲ. ಉಪ್ಪಿನಕಾಯಿಗೆ ಸಿಪ್ಪೆಯೂ ಹೋಗುತ್ತದೆ ನಿಜ, ಆದರೆ ಶರಬತ್ತಿನ ಅಂಗಡಿ, ಖಾನಾವಳಿಗಳಲ್ಲಿ ಹಿಂಡಿ ಒಗೆದದ್ದು ಬುಟ್ಟಿಗಟ್ಟಲೆ ಸಿಗುತ್ತದೆ. ಲಿಂಬೆ ಜಾತಿಯ ಸಿಪ್ಪೆಯಲ್ಲಿ ಪೆಕ್ಟಿನ್ ಜಾಸ್ತಿ. ಪೆಕ್ಟಿನ್ ಅಂದರೆ ಕಾರ್ಬಾಕ್ಸಿಲ್ ಸೀಟುಗಳ ಸಾಲು.

ದಾಳಿಂಬೆ ಸಿಪ್ಪೆಯ ಬಲ ಟ್ಯಾನಿನ್ ಎಂಬ ಒಗರು ಪದಾರ್ಥ. ಲೋಹ ಚೆನ್ನಾಗಿ ಹಿಡಿಯುತ್ತದೆ. ಆದರೆ ನೀರಿಗೆ ಚಹಾ ಡಿಕಾಕ್ಷನ್ನಿನಂತೆ ಬಣ್ಣ ಬಿಡುತ್ತದೆ. ಲೋಹ ತೆಗೆಯಲು ಹೋಗಿ ಬಣ್ಣ ಕೂಡಿಸಿದ ಹಾಗೆ. ಎರಡು ಮೂರು ಸಲ ಬಿಸಿನೀರಿನಲ್ಲಿ ತೊಳೆಯದೆ ಅದನ್ನು ಬಳಸಬೇಡಿ.

ಟ್ಯಾನಿನ್ ಅಂದಾಗ ಕೊಲ್ಹಾಪುರಿ ಚಪ್ಪಲಿ ಮಾಡುವ ಅಥಣಿ ನೆನಪಾಗುತ್ತದೆ. ಕೊಲ್ಹಾಪುರಿ ಚಪ್ಪಲಿಗೆ 2019ರಲ್ಲಿ ಜಿಐ (ಭೌಗೋಳಿಕ ಸೂಚಕ) ಮಾನ್ಯತೆ ಸಿಕ್ಕಾಗ ಮಹಾರಾಷ್ಟ್ರದ ನಾಲ್ಕು ಜಿಲ್ಲೆಗಳ ಜೊತೆ ನಮ್ಮ ಬೆಳಗಾವಿ, ಬಾಗಲಕೋಟೆ, ವಿಜಯಪುರ, ಧಾರವಾಡವೂ ಸೇರಿದವು. ಆ ಚರ್ಮವನ್ನು ಹಳೆಯ ಪದ್ಧತಿಯಲ್ಲಿ ಹದ ಮಾಡುವುದು ಜಾಲಿ ತೊಗಟೆ, ಅಳಲೆಕಾಯಿಯಿಂದ, ಕ್ರೋಮಿಯಂ ಉಪ್ಪಿನಿಂದ ಅಲ್ಲ. ಚರ್ಮವನ್ನು ಹಿಡಿದು ಗಟ್ಟಿ ಮಾಡುವ ಆ ಟ್ಯಾನಿನ್ನೇ ಲೋಹವನ್ನೂ ಹಿಡಿಯುತ್ತದೆ. ಹದದ ಕುಂಡದಿಂದ ತೆಗೆದು ಎಸೆದ ತೊಗಟೆಯ ಮೇಲೆ ಒಂದು ಪ್ರಾಜೆಕ್ಟ್ ಮಾಡಿ ಅಂತ ನಾನು ವರ್ಷಾನುಗಟ್ಟಲೆ ಹೇಳುತ್ತಾ ಬಂದಿದ್ದೇನೆ. ವಾಸನೆಗೆ ಹೆದರಿ ಯಾರೂ ಮುಂದೆ ಬಂದಿಲ್ಲ.

ಕಬ್ಬಿನ ಸಿಪ್ಪೆ, ಶೇಂಗಾ ಸಿಪ್ಪೆ, ಕಾಳು ಬಿಡಿಸಿದ ಗೋವಿನಜೋಳದ ಬೆಂಡು, ತೊಗರಿ ಹೊಟ್ಟು ಇವೆಲ್ಲ ಹಾಗೇ ಹಾಕಿದರೆ ಮಧ್ಯಮ. ಸೀಟು ಕಡಿಮೆ. ಆದರೆ ಗಟ್ಟಿ, ಕೊಳೆಯುವುದು ನಿಧಾನ, ಪೈಪಿನಲ್ಲಿ ತುಂಬಿದರೆ ನೀರು ಸರಾಗ ಹರಿಯುತ್ತದೆ. ಇವನ್ನು ಸಿಟ್ರಿಕ್ ಆಮ್ಲದಲ್ಲಿ ನೆನೆಸಿ ಸುಮಾರು 120 ಡಿಗ್ರಿಯಲ್ಲಿ ಕಾಯಿಸಿದರೆ ಆಮ್ಲ ಅಂಟಿಕೊಂಡು ಹೊಸ ಕಾರ್ಬಾಕ್ಸಿಲ್ ಬರುತ್ತವೆ. ಆಗ ಮಧ್ಯಮದ್ದೂ ಮುಂದಿನ ಬೆಂಚಿಗೆ ಬರುತ್ತದೆ.

ದ್ರಾಕ್ಷಿಯ ಕಡ್ಡಿ ಒಳ್ಳೆಯದೇ, ಆದರೆ ಒಂದು ಎಚ್ಚರಿಕೆ. ತೋಟಕ್ಕೆ ಬೋರ್ಡೋ ದ್ರಾವಣ ಹೊಡೆದಿದ್ದರೆ ಅದರಲ್ಲಿ ಮೈಲುತುತ್ತ ಇದೆ, ಅಂದರೆ ತಾಮ್ರ. ಕಡ್ಡಿಯ ಮೇಲೆ ತಾಮ್ರ ಮೊದಲೇ ಕೂತಿರಬಹುದು. ತಿಳಿ ಆಮ್ಲದಲ್ಲಿ ತೊಳೆದೇ ಬಳಸಿ. ನಿಪ್ಪಾಣಿ ಕಡೆಯ ತಂಬಾಕಿನ ದಂಟು ಬೇಡವೇ ಬೇಡ. ಮಣ್ಣಿನಿಂದ ಕ್ಯಾಡ್ಮಿಯಂ ಎಳೆದುಕೊಳ್ಳುವುದರಲ್ಲಿ ತಂಬಾಕು ಹೆಸರುವಾಸಿ.

ಸರ, ನಮ್ಮ ಬೋರಿನ ನೀರು ಭಾಳ ಕೆಟ್ಟೈತ್ರಿ. ಲಿಂಬಿ ಸಿಪ್ಪಿ ಹಾಕಿ ಕುಡದ್ರ ನಡೀತೈತೇನ್ರಿ?

ಇಲ್ಲ. ಈ ಪ್ರಶ್ನೆ ಎಲ್ಲಕ್ಕಿಂತ ಜಾಸ್ತಿ ಬರುತ್ತದೆ, ಅದಕ್ಕೇ ಉತ್ತರವೂ ಉದ್ದ.

ಮೊದಲು ನಿಮ್ಮ ನೀರಿನಲ್ಲಿ ಏನು ಕೆಟ್ಟಿದೆ ಅಂತ ನೋಡೋಣ. ನಮ್ಮ ಬಯಲುಸೀಮೆಯ ಕೊಳವೆಬಾವಿಗಳಲ್ಲಿ ಸಾಮಾನ್ಯವಾಗಿ ಕಾಡುವುದು ಗಡಸುತನ, ಉಪ್ಪು, ಫ್ಲೋರೈಡ್, ನೈಟ್ರೇಟ್. ಡೋಣಿ ಹೊಳೆಯ ದಂಡೆಯವರಿಗೆ ಉಪ್ಪಿನ ನೀರಿನ ಬಗ್ಗೆ ನಾನು ಹೇಳಿಕೊಡಬೇಕಾಗಿಲ್ಲ. ಇವು ಯಾವುವೂ ಭಾರ ಲೋಹ ಅಲ್ಲ. ಫ್ಲೋರೈಡ್, ನೈಟ್ರೇಟ್‌ಗೆ ಋಣ ವಿದ್ಯುತ್. ಸಿಪ್ಪೆಯ ಸೀಟಿಗೂ ಋಣ ವಿದ್ಯುತ್. ಒಂದನ್ನೊಂದು ದೂಡುತ್ತವೆಯೇ ಹೊರತು ಅಂಟಿಕೊಳ್ಳುವುದಿಲ್ಲ. ಹಲ್ಲು ಹಳದಿಯಾಗಿದೆ, ಕೀಲು ಬಿಗಿಯುತ್ತಿದೆ ಅಂತ ಲಿಂಬೆ ಸಿಪ್ಪೆ ಹಾಕಿದ ನೀರು ಕುಡಿದರೆ ಫ್ಲೋರೈಡ್ ಅಷ್ಟೇ ಇರುತ್ತದೆ, ಜೊತೆಗೆ ಹುಳಿ ವಾಸನೆ.

ಲೋಹ ನಿಜವಾಗಿ ಇದ್ದರೂ ಗಡಸು ನೀರು ಸಿಪ್ಪೆಯ ದಾರಿಗೆ ಅಡ್ಡ ಬರುತ್ತದೆ. ಲೀಟರಿಗೆ 500 ಮಿಲಿಗ್ರಾಂ ಗಡಸುತನ (ಕ್ಯಾಲ್ಸಿಯಂ ಕಾರ್ಬೊನೇಟ್ ಲೆಕ್ಕದಲ್ಲಿ) ಇರುವ ನೀರು ನಮ್ಮಲ್ಲಿ ದೊಡ್ಡ ಮಾತಲ್ಲ. ಅದೆಲ್ಲ ಕ್ಯಾಲ್ಸಿಯಂ ಅಂತಲೇ ಇಟ್ಟುಕೊಳ್ಳಿ. ಅದೇ ನೀರಿನಲ್ಲಿ ಲೀಟರಿಗೆ 0.05 ಮಿಲಿಗ್ರಾಂ ಸೀಸ ಇದೆ ಅನ್ನಿ, ಅಂದರೆ ಮಿತಿಯ ಐದು ಪಟ್ಟು. ಎಣಿಸಿದರೆ ಸೀಸದ ಒಂದು ಅಯಾನಿಗೆ ಕ್ಯಾಲ್ಸಿಯಂ ಅಯಾನು ಸುಮಾರು 20 ಸಾವಿರ. ಸೀಸ ಎಷ್ಟೇ ಬಲಶಾಲಿ ಆಗಿರಲಿ, 20 ಸಾವಿರ ಜನರ ಗದ್ದಲದಲ್ಲಿ ಒಬ್ಬ ಸೀಟು ಹಿಡಿಯೋದು ಸುಲಭವೇ? ಪ್ರಯೋಗಾಲಯದ ಡಿಸ್ಟಿಲ್ಡ್ ವಾಟರಿನಲ್ಲಿ ಬಂದ ಅಂಕಿ ನಮ್ಮ ಬೋರಿನ ನೀರಿನಲ್ಲಿ ಬರೋದಿಲ್ಲ. ಈ ಮಾತನ್ನು ಎಷ್ಟೋ ವರದಿಗಳು ಕೊನೆಯ ಪುಟದ ಕೊನೆಯ ಸಾಲಿಗೆ ತಳ್ಳುತ್ತವೆ.

ಇನ್ನೊಂದು, ಸಿಪ್ಪೆಯನ್ನು ನೀರಿನಲ್ಲಿ ಬಿಟ್ಟರೆ ಅದು ಕೊಳೆಯುತ್ತದೆ. ಸಕ್ಕರೆ, ಬಣ್ಣ ಬಿಡುತ್ತದೆ, ಬ್ಯಾಕ್ಟೀರಿಯಾ ಬೆಳೆಯುತ್ತವೆ. ಮೊದಲು ಜಿಲ್ಲಾ ಮಟ್ಟದ ನೀರು ಪರೀಕ್ಷಾ ಪ್ರಯೋಗಾಲಯಕ್ಕೆ ಸ್ಯಾಂಪಲ್ ಕೊಡಿ. ಏನಿದೆ ಅಂತ ಗೊತ್ತಾದ ಮೇಲೆ ಔಷಧ.

ಟಿಡಿಎಸ್ ಮೀಟರಿನಲ್ಲಿ ಲೋಹ ಗೊತ್ತಾಗುತ್ತಾ?

ಗೊತ್ತಾಗುವುದಿಲ್ಲ. ಆ ಪೆನ್ನು ತೋರಿಸುವುದು ನೀರಿನಲ್ಲಿ ಕರೆಂಟ್ ಎಷ್ಟು ಹರಿಯುತ್ತದೆ ಅನ್ನೋದನ್ನು. 1,000 ಅಂತ ತೋರಿಸುವ ನೀರಿನಲ್ಲಿ ಸೀಸದ 0.05 ಎಲ್ಲಿ ಕಾಣಬೇಕು? 150 ತೋರಿಸುವ ಸಿಹಿನೀರಿನಲ್ಲಿ ಸೀಸ ಇರಬಹುದು, 1,500 ತೋರಿಸುವ ಉಪ್ಪುನೀರಿನಲ್ಲಿ ಇಲ್ಲದೆಯೂ ಇರಬಹುದು. ಇಷ್ಟು ಸಣ್ಣ ಪ್ರಮಾಣದ ಲೋಹ ಅಳೆಯಲು ಪ್ರಯೋಗಾಲಯದ ಎಎಎಸ್ ಅಥವಾ ಐಸಿಪಿಯಂಥ ಯಂತ್ರ ಬೇಕು. ಮೀಟರ್ ತೋರಿಸಿ ಹೆದರಿಸಿ ಫಿಲ್ಟರ್ ಮಾರುವವರು ಮನೆಗೆ ಬಂದರೆ ಚಹಾ ಕೊಟ್ಟು ಕಳಿಸಿ.

ಕುದಿಸಿದರೆ ಲೋಹ ಹೋಗುತ್ತಾ?

ಹೋಗುವುದಿಲ್ಲ. ನೀರು ಆವಿಯಾಗಿ ಹೋಗುತ್ತದೆ, ಲೋಹ ಅಲ್ಲೇ ಉಳಿದು ಇನ್ನೂ ಗಟ್ಟಿಯಾಗುತ್ತದೆ.

ಸುಟ್ಟು ಇದ್ದಿಲು ಮಾಡಿದರೆ ಇನ್ನೂ ಒಳ್ಳೆಯದಲ್ವಾ? ಗಾಣದ ಒಲೆಯ ಬೂದಿ ಹೇಗೂ ಸುಮ್ನೆ ಬಿದ್ದಿರುತ್ತದೆ.

ಇದ್ದಿಲು ಬೇರೆ, ಬೂದಿ ಬೇರೆ. ಗಾಳಿ ಕಡಿಮೆ ಬಿಟ್ಟು 300ರಿಂದ 700 ಡಿಗ್ರಿಯಲ್ಲಿ ಸುಟ್ಟರೆ ಬಯೋಚಾರ್ ಸಿಗುತ್ತದೆ. ಅದು ಕೊಳೆಯುವುದಿಲ್ಲ, ಬಣ್ಣ ಬಿಡುವುದಿಲ್ಲ. ಆದರೆ ಸುಡುವಾಗ ಕಾರ್ಬಾಕ್ಸಿಲ್ ಸೀಟುಗಳೂ ಒಂದಷ್ಟು ಸುಟ್ಟು ಹೋಗುತ್ತವೆ. ಲಾಭದ ಜೊತೆ ನಷ್ಟವೂ ಇದೆ.

ಬೂದಿಯ ವಿಷಯದಲ್ಲಿ ನನ್ನದೇ ಮಾನ ಹೋದ ಕಥೆ ಹೇಳುತ್ತೇನೆ. ಮೊದಮೊದಲು ಒಂದು ತಂಡಕ್ಕೆ ಮಹಾಲಿಂಗಪುರದ ಕಡೆಯ ಬೆಲ್ಲದ ಗಾಣದಿಂದ ಬೂದಿ ತರಿಸಿದ್ದೆ. ಕಬ್ಬಿನ ಸಿಪ್ಪೆ ಸುಟ್ಟದ್ದು. ತಾಮ್ರದ ನೀರಿಗೆ ಹಾಕಿ ಅಲುಗಾಡಿಸಿದೆವು, ಸೋಸಿದೆವು, 98 ಶೇಕಡಾ ತಾಮ್ರ ಮಾಯ! ಪೋಸ್ಟರ್ ಮಾಡಿದೆವು, ಬಹುಮಾನ ಬಂತು, ಫೋಟೋ ಗೋಡೆಗೆ ಏರಿತು. ಮರುವರ್ಷ ಒಬ್ಬ ಹುಡುಗಿ ಪೋಸ್ಟರ್ ಮುಂದೆ ನಿಂತು, "ಸರ್, ಬೂದಿ ಹಾಕಿದ ಮೇಲೆ ಪಿಎಚ್ ಎಷ್ಟಿತ್ತು?" ಅಂದಳು. ಪಿಎಚ್ ಅಂದರೆ ನೀರು ಎಷ್ಟು ಹುಳಿ, ಎಷ್ಟು ಕ್ಷಾರ ಅನ್ನುವ ಅಳತೆ; 7ಕ್ಕಿಂತ ಕೆಳಗೆ ಹುಳಿ, ಮೇಲೆ ಕ್ಷಾರ. ನಾವು ಅಳೆದೇ ಇರಲಿಲ್ಲ. ಅಳೆದೆವು. 9ರ ಮೇಲೆ. ಬೂದಿ ಕ್ಷಾರ. ಅಷ್ಟು ಕ್ಷಾರದಲ್ಲಿ ತಾಮ್ರ ತಾನೇ ಹೈಡ್ರಾಕ್ಸೈಡ್ ಆಗಿ ತಳಕ್ಕೆ ಇಳಿಯುತ್ತದೆ. ಬೂದಿಯ ಬದಲು ಒಂದು ಚಿಟಿಕೆ ಸುಣ್ಣ ಹಾಕಿದ್ದರೂ ಅದೇ 98 ಬರುತ್ತಿತ್ತು. ಫೋಟೋ ಈಗಲೂ ಗೋಡೆಯ ಮೇಲಿದೆ. ನಾನೇ ತೆಗೆದಿಲ್ಲ, ದಿನಾ ಕಣ್ಣಿಗೆ ಬೀಳಲಿ ಅಂತ.

ಪಿಎಚ್ ಎಷ್ಟು ಇರಬೇಕು?

ಸೀಸ, ತಾಮ್ರ, ಕ್ಯಾಡ್ಮಿಯಂ, ನಿಕ್ಕೆಲ್‌ಗೆ ಸುಮಾರು 4.5ರಿಂದ 6. ಅದಕ್ಕಿಂತ ಹುಳಿಯಾದರೆ ಹೈಡ್ರೋಜನ್ ಅಯಾನುಗಳೇ ಸೀಟು ತುಂಬುತ್ತವೆ. ಅದಕ್ಕಿಂತ ಕ್ಷಾರವಾದರೆ ಮೇಲಿನ ಬೂದಿಯ ಕಥೆ. ಶುರುವಿನಲ್ಲಿ ಒಮ್ಮೆ, ಕೊನೆಯಲ್ಲಿ ಒಮ್ಮೆ ಅಳೆಯಿರಿ. ಕೊನೆಯದನ್ನೇ ಹುಡುಗರು ಮರೆಯುತ್ತಾರೆ.

ಸಿಪ್ಪೆ ತಯಾರು ಮಾಡೋದು ಹೇಗೆ?

ತೊಳೆಯಿರಿ, ಸಣ್ಣಗೆ ಹೆಚ್ಚಿ, ನೆರಳಲ್ಲಿ ಎರಡು ದಿನ ಒಣಗಿಸಿ, ಆಮೇಲೆ ಓವನ್ ಇದ್ದರೆ 60 ಡಿಗ್ರಿಯಲ್ಲಿ ಗರಿಗರಿ ಆಗುವವರೆಗೆ. ನಮ್ಮ ಏಪ್ರಿಲ್ ಬಿಸಿಲಿಗೆ ಓವನ್ ಏಕೆ ಬೇಕು ಅಂತೀರಾ? ಸರಿ, ಬಿಸಿಲೇ ಸಾಕು. ಧೂಳು ಬೀಳದಂತೆ ತೆಳು ಬಟ್ಟೆ ಮುಚ್ಚಿ. ಮಿಕ್ಸಿಯಲ್ಲಿ ಪುಡಿ ಮಾಡಿ, ಜರಡಿ ಹಿಡಿಯಿರಿ. ಅರ್ಧದಿಂದ ಒಂದು ಮಿಲಿಮೀಟರ್ ಇರುವ ರವೆಯಂಥ ಪುಡಿ ಇಟ್ಟುಕೊಳ್ಳಿ. ಹಿಟ್ಟಿನಂತೆ ನುಣ್ಣಗಾದರೆ ಬಾಟಲಿಯಲ್ಲಿ ಚೆನ್ನಾಗಿ ಹಿಡಿಯುತ್ತದೆ, ಪೈಪಿನಲ್ಲಿ ತುಂಬಿದರೆ ಕೆಸರಾಗಿ ನೀರೇ ಇಳಿಯುವುದಿಲ್ಲ.

ಆಮೇಲೆ ಬಿಸಿನೀರಿನಲ್ಲಿ ತೊಳೆಯಿರಿ, ನೀರು ತಿಳಿಯಾಗುವವರೆಗೆ. ಲಿಂಬೆ ಸಿಪ್ಪೆಗೆ ತಿಳಿ ಕಾಸ್ಟಿಕ್ ಸೋಡಾದ ಸ್ನಾನ ಮಾಡಿಸುವುದುಂಟು. ಪೆಕ್ಟಿನ್ನಿನ ಅನೇಕ ಕಾರ್ಬಾಕ್ಸಿಲ್‌ಗಳ ಬಾಯಿಗೆ ಮಿಥೈಲ್ ಗುಂಪಿನ ಬಿರಡೆ ಹಾಕಿರುತ್ತದೆ, ಕಾಸ್ಟಿಕ್ ಅದನ್ನು ಬಿಚ್ಚುತ್ತದೆ. ಆದರೆ ಜಾಸ್ತಿ ಆದರೆ ಸಿಪ್ಪೆಯೇ ಕರಗಿ ಲೋಳೆಯಾಗುತ್ತದೆ. ಕೊನೆಗೆ ಕ್ಷಾರ ಪೂರ್ತಿ ಹೋಗುವವರೆಗೆ ತೊಳೆಯಲೇಬೇಕು. ಇಲ್ಲದಿದ್ದರೆ ಮತ್ತೆ ಬೂದಿಯ ಕಥೆ.

ಹೈಸ್ಕೂಲ್ ಮಕ್ಕಳು ಮಾಡಬಹುದಾದ ಪ್ರಯೋಗ ಇದೆಯಾ?

ಇದೆ, ಆದರೆ ಸೀಸ, ಕ್ಯಾಡ್ಮಿಯಂ, ಹಳದಿ ಕ್ರೋಮಿಯಂ ಉಪ್ಪುಗಳನ್ನು ಶಾಲೆಗೆ ತರಬೇಡಿ. ಮೈಲುತುತ್ತ ಸಾಕು. ಅದೂ ವಿಷವೇ, ಕೈಗವಸು ಹಾಕಿ, ಶಿಕ್ಷಕರು ಎದುರಿಗೆ ಇರಲಿ.

ಮೈಲುತುತ್ತದ ತೂಕದಲ್ಲಿ ಕಾಲು ಭಾಗ ತಾಮ್ರ. 0.4 ಗ್ರಾಂ ಮೈಲುತುತ್ತವನ್ನು ಒಂದು ಲೀಟರ್ ಡಿಸ್ಟಿಲ್ಡ್ ವಾಟರಿನಲ್ಲಿ ಕರಗಿಸಿದರೆ ಸುಮಾರು 100 ಮಿಲಿಗ್ರಾಂ ತಾಮ್ರದ ನೀರು ಸಿದ್ಧ. ಬಣ್ಣ ಕಾಣುವುದೇ ಕಷ್ಟ. ಈಗ ನಾಲ್ಕು ಬಾಟಲಿ. ಒಂದರಲ್ಲಿ ಈ ನೀರು 100 ಮಿಲಿಲೀಟರ್, ಜೊತೆಗೆ ಒಂದು ಗ್ರಾಂ ಸಿಪ್ಪೆ ಪುಡಿ. ಎರಡನೆಯದರಲ್ಲಿ ಬರೀ ತಾಮ್ರದ ನೀರು. ಮೂರನೆಯದರಲ್ಲಿ ಬರೀ ಡಿಸ್ಟಿಲ್ಡ್ ವಾಟರ್ ಮತ್ತು ಸಿಪ್ಪೆ. ನಾಲ್ಕನೆಯದರಲ್ಲಿ ಅಷ್ಟೇ ಮೈಲುತುತ್ತವನ್ನು ನಿಮ್ಮೂರಿನ ಬೋರಿನ ನೀರಿನಲ್ಲಿ ಕರಗಿಸಿ ಹಾಕಿ, ಸಿಪ್ಪೆ ಬೇಡ. ಒಂದು ಗಂಟೆ ಆಗಾಗ ಅಲುಗಾಡಿಸಿ, ಸೋಸಿ. ಪ್ರತಿಯೊಂದಕ್ಕೂ ಕೆಲವು ಹನಿ ಅಮೋನಿಯಾ ದ್ರಾವಣ ಹಾಕಿ. ಕಿಟಕಿ ತೆರೆದಿರಲಿ, ಮೂಗಿಗೆ ಹೊಡೆಯುತ್ತದೆ. ತಾಮ್ರ ಇದ್ದಲ್ಲಿ ನೀಲಿ ಏಳುತ್ತದೆ. ಕೆಳಗೆ ಬಿಳಿ ಹಾಳೆ ಇಟ್ಟು ಮೇಲಿನಿಂದ ನೋಡಿ.

ಮೂರನೆಯ ಬಾಟಲಿ ಏಕೆ? ಅಮೋನಿಯಾಗೆ ಸಿಪ್ಪೆಯ ರಸ ಹಳದಿಯಾಗುತ್ತದೆ, ಆ ಹಳದಿ ನೀಲಿಯನ್ನು ಹಸಿರು ಮಾಡಿ ಕಣ್ಣಿಗೆ ಮೋಸ ಮಾಡುತ್ತದೆ. ನಾಲ್ಕನೆಯದು ಇನ್ನೂ ಸ್ವಾರಸ್ಯ. ಗಡಸು ಬೋರಿನ ನೀರಿಗೆ ಮೈಲುತುತ್ತ ಬೀಳುತ್ತಿದ್ದಂತೆ ನೀರು ಕದಡಿ ತಿಳಿ ನೀಲಿ-ಹಸಿರು ಗಸಿ ಬರುತ್ತದೆ. ಅದನ್ನು ಸೋಸಿದರೆ ಸಿಪ್ಪೆ ಇಲ್ಲದೆಯೇ ತಾಮ್ರ ಕಡಿಮೆಯಾಗಿರುತ್ತದೆ! ಔಷಧಿ ಹೊಡೆಯುವ ರೈತರಿಗೆ ಈ ಗಸಿ ಹೊಸದಲ್ಲ. ಮುಗಿದ ಮೇಲೆ ಎಲ್ಲವನ್ನೂ ಒಂದೇ ಕ್ಯಾನಿಗೆ ಸುರಿದು, ಹತ್ತಿರದ ಕಾಲೇಜಿನ ಲ್ಯಾಬಿಗೆ ಕೊಡಿ. ಗಟಾರಕ್ಕೆ ಬೇಡ.

ಎಲ್ಲ ವರದಿಗಳಲ್ಲೂ 95, 98 ಶೇಕಡಾ ಅಂತಿರುತ್ತದೆ. ನಂಬಬಹುದಾ?

ಶೇಕಡಾ ನೋಡಬೇಡಿ. ಸಿಪ್ಪೆ ಜಾಸ್ತಿ ಸುರಿದರೆ ಯಾರು ಬೇಕಾದರೂ 99 ತರಬಹುದು. ಒಂದು ಗ್ರಾಂ ಸಿಪ್ಪೆ ಎಷ್ಟು ಮಿಲಿಗ್ರಾಂ ಹಿಡಿಯಿತು ಅಂತ ಕೇಳಿ. ಸಂಸ್ಕರಣೆ ಮಾಡದ ಕಸಕ್ಕೆ ಅದು ಕೆಲವೇ ಮಿಲಿಗ್ರಾಮಿನಿಂದ ಹತ್ತಾರು ಮಿಲಿಗ್ರಾಮಿನವರೆಗೆ ಇರುತ್ತದೆ. ಜೊತೆಗೆ, ಉಳಿದದ್ದು ಎಷ್ಟು ಅಂತ ಕೇಳಿ. 100 ಮಿಲಿಗ್ರಾಂ ಸೀಸದಲ್ಲಿ 98 ಶೇಕಡಾ ಹೋದರೂ 2 ಮಿಲಿಗ್ರಾಂ ಉಳಿಯಿತು. ಕುಡಿಯುವ ನೀರಿನ ಮಿತಿಯ 200 ಪಟ್ಟು.

ಲ್ಯಾಂಗ್‌ಮ್ಯೂರ್, ಫ್ರಾಯಿಂಡ್ಲಿಚ್ ಎರಡನ್ನೂ ಹಾಕಲೇಬೇಕಾ?

ನೀರಿನಲ್ಲಿ ಲೋಹ ಎಷ್ಟಿದ್ದರೆ ಸಿಪ್ಪೆ ಎಷ್ಟು ಹಿಡಿಯುತ್ತದೆ ಅಂತ ಹೇಳುವ ಎರಡು ಸೂತ್ರ ಇವು. ವೈವಾದಲ್ಲಿ ಕೇಳುತ್ತಾರೆ, ಹಾಕಿ. ಲ್ಯಾಂಗ್‌ಮ್ಯೂರ್ 1918ರಲ್ಲಿ ಕೊಟ್ಟ ಸೂತ್ರ ಸೀಟುಗಳೆಲ್ಲ ಒಂದೇ ಥರ, ಒಬ್ಬೊಬ್ಬರಿಗೆ ಒಂದೊಂದು ಅಂತ ಊಹಿಸುತ್ತದೆ. ಸಿಪ್ಪೆಯಲ್ಲಿ ಸೀಟುಗಳು ಥರಾವರಿ. ಗೆರೆ ಚೆನ್ನಾಗಿ ಕೂತಿತು ಅಂದ ಮಾತ್ರಕ್ಕೆ ಒಳಗೆ ಹಾಗೇ ನಡೆಯುತ್ತಿದೆ ಅಂತ ಬರೆಯಬೇಡಿ.

ಕ್ರೋಮಿಯಂಗೂ ಇದೇ ವಿಧಾನವಾ?

ಅಲ್ಲ. ಕ್ರೋಮ್ ಪ್ಲೇಟಿಂಗಿನ ಹಳದಿ ನೀರಿನಲ್ಲಿರುವುದು ಆರು ವೇಲೆನ್ಸಿಯ ಕ್ರೋಮಿಯಂ. ಅದು ಆಮ್ಲಜನಕದ ಜೊತೆ ಸೇರಿ ಕ್ರೋಮೇಟ್ ಆಗಿ, ಋಣ ವಿದ್ಯುತ್ ಹೊತ್ತು ಓಡಾಡುತ್ತದೆ. ಅದಕ್ಕೆ ಪಿಎಚ್ 2ರ ಹತ್ತಿರ ಬೇಕು. ಅಷ್ಟು ಹುಳಿಯಲ್ಲಿ ಸಿಪ್ಪೆ ಎಲೆಕ್ಟ್ರಾನ್ ಕೊಟ್ಟು ಅದನ್ನು ಮೂರು ವೇಲೆನ್ಸಿಗೆ ಇಳಿಸುತ್ತದೆ. ಮೂರರದು ಆರರಷ್ಟು ವಿಷವಲ್ಲ. ಇಲ್ಲೇ ಹುಡುಗರು ಎಡವುವುದು. ಡೈಫಿನೈಲ್ ಕಾರ್ಬಜೈಡ್ ಹಾಕಿದಾಗ ನೇರಳೆ ಬರಲಿಲ್ಲ, ಕ್ರೋಮಿಯಂ ಪೂರ್ತಿ ಹೋಯಿತು ಅಂತ ಬರೆಯುತ್ತಾರೆ. ಆ ಪರೀಕ್ಷೆ ಆರರದ್ದನ್ನು ಮಾತ್ರ ಹಿಡಿಯುತ್ತದೆ. ಮೂರರದ್ದು ನೀರಿನಲ್ಲೇ ಕೂತಿರಬಹುದು. ಒಟ್ಟು ಕ್ರೋಮಿಯಂ ಬೇರೆಯಾಗಿ ಅಳೆಯಬೇಕು.

ಆರ್ಸೆನಿಕ್ ಕೂಡ ಬರೀ ಸಿಪ್ಪೆಗೆ ಬಗ್ಗುವುದಿಲ್ಲ. ಸಿಪ್ಪೆಗೆ ಕಬ್ಬಿಣದ ಲೇಪ ಕೊಟ್ಟರೆ ಹಿಡಿಯುತ್ತದೆ.

ಬೆಳಗಾವಿ ಉದ್ಯಮಬಾಗದಲ್ಲಿ ಚಿಕ್ಕ ನಿಕ್ಕೆಲ್ ಪ್ಲೇಟಿಂಗ್ ಶಾಪ್ ಇದೆ. ತೊಳೆದ ನೀರಿಗೆ ಇದು ಸಾಲುತ್ತಾ?

ಈ ವಿದ್ಯೆಗೆ ಸರಿಯಾದ ಜಾಗ ಇಂಥದ್ದೇ, ಮನೆಯ ಬಿಂದಿಗೆಯಲ್ಲ. ಲೆಕ್ಕ ಮಾಡೋಣ. ದಿನಕ್ಕೆ 1,000 ಲೀಟರ್ ತೊಳೆದ ನೀರು, ಲೀಟರಿಗೆ 20 ಮಿಲಿಗ್ರಾಂ ನಿಕ್ಕೆಲ್ ಅಂತಿಟ್ಟುಕೊಳ್ಳಿ. ಹೊರಬಿಡುವ ನೀರಿಗೆ ಪರಿಸರ ನಿಯಮದ ಸಾಮಾನ್ಯ ಮಿತಿ ನಿಕ್ಕೆಲ್‌ಗೆ 3 ಮಿಲಿಗ್ರಾಂ. ದಿನಕ್ಕೆ 17 ಗ್ರಾಂ ನಿಕ್ಕೆಲ್ ತೆಗೆಯಬೇಕು. ಸಿಪ್ಪೆ ಗ್ರಾಮಿಗೆ 10 ಮಿಲಿಗ್ರಾಂ ಹಿಡಿದರೆ 1.7 ಕಿಲೋ ಒಣ ಪುಡಿ ಬೇಕು. ಹಸಿ ಸಿಪ್ಪೆಯಲ್ಲಿ ಐದರಲ್ಲಿ ನಾಲ್ಕು ಪಾಲು ನೀರೇ ಆದ್ದರಿಂದ 8-9 ಕಿಲೋ ಹಸಿ ಸಿಪ್ಪೆ. ದಿನಾ. ಆಗದ ಮಾತಲ್ಲ, ಆದರೆ ಒಣಗಿಸಲು ಒಬ್ಬ ಆಳು ಬೇಕು.

ನೀರಿನಲ್ಲಿ ನೂರಾರು ಮಿಲಿಗ್ರಾಂ ಲೋಹ ಇದ್ದರೆ ಸಿಪ್ಪೆಯ ಕಡೆ ನೋಡಲೇಬೇಡಿ. ಮೊದಲು ಸುಣ್ಣ ಅಥವಾ ಕಾಸ್ಟಿಕ್ ಹಾಕಿ ಬಹುಪಾಲನ್ನು ತಳಕ್ಕೆ ಇಳಿಸಿ. ಆಮೇಲೆ ಪಿಎಚ್ ಸರಿಮಾಡಿ, ಉಳಿದ ಚೂರುಪಾರನ್ನು ಸಿಪ್ಪೆ ತುಂಬಿದ ಪೈಪಿಗೆ, ಅಂದರೆ ಕಾಲಮ್ಮಿಗೆ ಬಿಡಿ. ಜೋಳದ ರಾಶಿ ಮಾಡಿದ ಮೇಲೆ ಕಣದಲ್ಲಿ ಉಳಿದ ಕಾಳನ್ನು ಹೆಂಗಸರು ಆರಿಸುತ್ತಾರಲ್ಲ, ಸಿಪ್ಪೆಯದು ಆ ಕೆಲಸ.

ಇದಕ್ಕಿಂತ ಅಗ್ಗದ ಉಪಾಯ ಬೇಕಾ? ಜಾಬನ್ನು, ಅಂದರೆ ಲೇಪ ಮಾಡುವ ಸಾಮಾನನ್ನು, ಪ್ಲೇಟಿಂಗ್ ತೊಟ್ಟಿಯಿಂದ ಎತ್ತಿದ ಮೇಲೆ ಅದರ ಮೇಲೇ ಅರ್ಧ ನಿಮಿಷ ಹಿಡಿದು ತೊಟ್ಟಿಕ್ಕಲು ಬಿಡಿ. ತೊಳೆಯುವ ತೊಟ್ಟಿ ಒಂದರ ಬದಲು ಎರಡು ಮಾಡಿ. ನೀರಿಗೆ ಹೋಗುವ ನಿಕ್ಕೆಲ್ ಅಲ್ಲೇ ಕಡಿಮೆಯಾಗುತ್ತದೆ, ನಿಕ್ಕೆಲ್ ಉಪ್ಪಿನ ಖರ್ಚೂ ಉಳಿಯುತ್ತದೆ.

ಲೋಹ ಹಿಡಿದ ಸಿಪ್ಪೆಯನ್ನು ಏನು ಮಾಡಬೇಕು? ತಿಪ್ಪೆಗೆ ಹಾಕಿದರೆ ಗೊಬ್ಬರ ಆಗೋದಿಲ್ವಾ?

ಹತ್ತು ಪ್ರಾಜೆಕ್ಟಿನಲ್ಲಿ ಒಂಬತ್ತು ಈ ಪ್ರಶ್ನೆಯನ್ನು ಕೇಳುವುದೇ ಇಲ್ಲ. ನೀರು ಶುದ್ಧವಾಯಿತು, ಚಪ್ಪಾಳೆ, ಮುಗಿಯಿತು. ಲೋಹ ಎಲ್ಲಿ ಹೋಯಿತು? ಸಿಪ್ಪೆಯಲ್ಲಿದೆ. ನೀರಿನಲ್ಲಿ ಹರಡಿಕೊಂಡಿದ್ದ ವಿಷ ಈಗ ಒಂದು ಬುಟ್ಟಿಯಲ್ಲಿ ಗಟ್ಟಿಯಾಗಿ ಕೂತಿದೆ.

ತಿಪ್ಪೆಗೆ ಹಾಕಿದರೆ ಸಿಪ್ಪೆ ಕೊಳೆಯುತ್ತದೆ, ಲೋಹ ಬಿಡುಗಡೆಯಾಗಿ ಹೊಲಕ್ಕೆ ಹೋಗುತ್ತದೆ. ಒಲೆಗೆ ಹಾಕಿದರೆ ಕೆಲವು ಹೊಗೆಯಲ್ಲಿ, ಉಳಿದದ್ದು ಬೂದಿಯಲ್ಲಿ. ಆ ಬೂದಿಯಿಂದ ಪಾತ್ರೆ ತಿಕ್ಕುವವರೂ ಇದ್ದಾರೆ. ದನಕ್ಕೆ ಹಾಕುವ ಮಾತಂತೂ ಬಾಯಿಗೂ ತರಬೇಡಿ. ಒಣಗಿದ ಲಿಂಬೆ ಸಿಪ್ಪೆಗೂ ಲೋಹ ಹಿಡಿದ ಸಿಪ್ಪೆಗೂ ನೋಡಲು ವ್ಯತ್ಯಾಸವಿಲ್ಲ, ಎಮ್ಮೆಗೂ ತಿಳಿಯುವುದಿಲ್ಲ. ಅದಕ್ಕೇ ನಮ್ಮ ಲ್ಯಾಬಿನಲ್ಲಿ ಬಳಸಿದ ಸಿಪ್ಪೆಗೆ ಕೆಂಪು ಡಬ್ಬಿ, ಮೇಲೆ ಲೋಹದ ಹೆಸರು, ತಾರೀಖು.

ಸರಿಯಾದ ದಾರಿ ಏನೆಂದರೆ, ತಿಳಿ ಹೈಡ್ರೋಕ್ಲೋರಿಕ್ ಆಮ್ಲದಲ್ಲಿ ಸಿಪ್ಪೆ ತೊಳೆದರೆ ಹೈಡ್ರೋಜನ್ ಅಯಾನುಗಳು ಲೋಹವನ್ನು ಎಬ್ಬಿಸುತ್ತವೆ. 0.1 ಮೋಲಾರ್ ಆಮ್ಲ ಸಾಕು. ನೂರು ಲೀಟರಿನಲ್ಲಿದ್ದ ಲೋಹ ಈಗ ಒಂದೆರಡು ಲೀಟರಿನಲ್ಲಿ. ಅಷ್ಟು ಗಟ್ಟಿ ದ್ರಾವಣದಿಂದ ಲೋಹ ವಾಪಸ್ ಪಡೆಯುವುದು ಸುಲಭ. ಸಿಪ್ಪೆಯನ್ನು ಮತ್ತೆ ಬಳಸಬಹುದು, ಆದರೆ ಪ್ರತಿ ಸಲ ಶಕ್ತಿ ಇಳಿಯುತ್ತದೆ, ಮೆತ್ತಗಾಗುತ್ತದೆ. ಕೊನೆಗೆ ಎಸೆಯುವಾಗ ಅದು 2016ರ ಅಪಾಯಕಾರಿ ತ್ಯಾಜ್ಯ ನಿಯಮಗಳ ಅಡಿಯಲ್ಲಿ ಬರುತ್ತದೆ. ಶಾಪಿನವರು ರಾಜ್ಯ ಮಾಲಿನ್ಯ ನಿಯಂತ್ರಣ ಮಂಡಳಿಯ ಅನುಮತಿ ಇರುವವರ ಕೈಗೇ ಕೊಡಬೇಕು. ಈ ಖರ್ಚನ್ನು ಸೇರಿಸದೆ ಸಿಪ್ಪೆ "ಪುಕ್ಕಟೆ" ಅಂತ ಬರೆದ ವರದಿಗೆ ನಾನು ಸಹಿ ಹಾಕುವುದಿಲ್ಲ.

ಗಣಪತಿ ಮುಳುಗಿಸಿದ ಮೇಲೆ ಬೆಳಗಾವಿಯ ಕಪಿಲೇಶ್ವರ ಹೊಂಡಕ್ಕೆ ಒಂದು ಲೋಡ್ ಸಿಪ್ಪೆ ಸುರಿದರೆ ಬಣ್ಣದ ಲೋಹ ಹೋಗುತ್ತಾ?

ದಯವಿಟ್ಟು ಬೇಡ. ಸಿಪ್ಪೆ ಕೊಳೆತು ನೀರಿನ ಆಮ್ಲಜನಕ ತಿನ್ನುತ್ತದೆ, ಹಿಡಿದ ಲೋಹವೂ ತಳದ ಕೆಸರಿಗೇ ಸೇರುತ್ತದೆ. ತೆಗೆಯಲು ಆಗದ ಜಾಗದಲ್ಲಿ ಸಿಪ್ಪೆ ಹಾಕಲೇಬಾರದು. ಮಣ್ಣಿನ ಗಣಪ, ಬಣ್ಣವಿಲ್ಲದ ಗಣಪ ತಂದರೆ ಈ ಪ್ರಶ್ನೆಯೇ ಬರುವುದಿಲ್ಲ.

ನುಗ್ಗೆ ಬೀಜದಿಂದಲೂ ನೀರು ಶುದ್ಧವಾಗುತ್ತದಂತೆ. ಅದೂ ಇದೂ ಒಂದೇನಾ?

ಬೇರೆ. ನುಗ್ಗೆ ಬೀಜದ ಪ್ರೋಟೀನು ಕೆಂಪು ನೀರಿನ ಮಣ್ಣಿನ ಕಣಗಳನ್ನು ಗುಂಪು ಕೂಡಿಸಿ ತಳಕ್ಕೆ ಇಳಿಸುತ್ತದೆ. ಹೊಳೆಯ ಕದಡಿದ ನೀರಿಗೆ ಅದು ಸರಿ. ಕರಗಿದ ಲೋಹ ತೆಗೆಯಲು ಅದನ್ನು ನೆಚ್ಚಬೇಡಿ.

ಸಕ್ಕರೆ ಕಾರ್ಖಾನೆಯಲ್ಲಿ ಕಬ್ಬಿನ ಸಿಪ್ಪೆ ಪುಕ್ಕಟೆ ಸಿಗುತ್ತಾ?

ಆ ಕಾಲ ಹೋಯಿತು. ನುರಿಸಿದ ಕಬ್ಬಿನ ತೂಕದ ಸುಮಾರು 30 ಶೇಕಡಾ ಸಿಪ್ಪೆ ಬರುತ್ತದೆ ನಿಜ, ಆದರೆ ಅದು ಬಾಯ್ಲರಿಗೆ ಹೋಗಿ ಕರೆಂಟ್ ಆಗುತ್ತದೆ. ಪ್ರಾಜೆಕ್ಟಿಗೆ ಒಂದು ಚೀಲ ಬೇಕಾದರೆ ಬಸ್ ಸ್ಟ್ಯಾಂಡ್ ಹತ್ತಿರದ ಕಬ್ಬಿನ ಹಾಲಿನ ಗಾಡಿಯವರನ್ನು ಕೇಳಿ, ಖುಷಿಯಿಂದ ಕೊಡುತ್ತಾರೆ. ಶುಂಠಿ, ಲಿಂಬೆ ಹಿಂಡಿದ್ದು ಬೆರೆತಿರುತ್ತದೆ, ಆರಿಸಿ ತೆಗೆಯಿರಿ.

ಒಣಗಿಸಿದ ಪುಡಿ ಎಷ್ಟು ದಿನ ಇರುತ್ತದೆ?

ಗಾಳಿಯಾಡದ ಡಬ್ಬಿಯಲ್ಲಿ ಬೇಸಿಗೆ ಪೂರ್ತಿ. ಮಳೆಗಾಲದಲ್ಲಿ ತೇವ ಎಳೆದುಕೊಂಡು ಬೂಷ್ಟು ಹಿಡಿಯುತ್ತದೆ. ಬೂಷ್ಟು ಬಂದ ಪುಡಿಯನ್ನು ಮತ್ತೆ ಒಣಗಿಸಿ ಬಳಸಬೇಡಿ. ಬೂಷ್ಟಿನ ಗೋಡೆಯೂ ಲೋಹ ಹಿಡಿಯುತ್ತದೆ, ಆಗ ಹಿಡಿದದ್ದು ಸಿಪ್ಪೆಯೋ ಬೂಷ್ಟೋ ಅಂತ ಹೇಳಲಾಗುವುದಿಲ್ಲ. ಶೇಂಗಾ ಸಿಪ್ಪೆಯಾದರೆ ಕಾಳಿನ ಚೂರು ಉಳಿಯದಂತೆ ನೋಡಿಕೊಳ್ಳಿ, ಇಲಿ ಬರುತ್ತವೆ. ನಮ್ಮ ಅಂಗಳದ ಮೂಲೆಗೆ ಹೋದ ವರ್ಷ ಬಂದಿದ್ದವು.